ನೀವು ಕೇಳಿದಿರಿ: ಹಾಡಹಗಲಲ್ಲಿ ಖಗೋಳದ ಆಟ

ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಆ ಹೊತ್ತಿಗೆ ನಡೆಯುವ ಕುಟುಂಬ ಮೇಳಗಳಲ್ಲಿ ಖಗೋಳದ ಮೇಜು ಹಾಕಲಿರುವ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ನಮ್ಮ ಮೇಳ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ. ರಾತ್ರಿಯ ಆಕಾಶವಿಲ್ಲ, ದೂರದರ್ಶಕವೂ ಇಲ್ಲ. ಖಗೋಳ ಅಂತ ಏನು ತೋರಿಸೋಣ?
– ಓದುಗರು, ಧಾರವಾಡ

ಹಗಲಲ್ಲಿ ಒಂದು ನಕ್ಷತ್ರ ಇದ್ದೇ ಇರುತ್ತದಲ್ಲ, ಸೂರ್ಯ! ಅದಕ್ಕೆ, ಸೂರ್ಯನ ಬಿಂಬವನ್ನು ಗೋಡೆಗೆ ಬೀಳಿಸುವ ಕನ್ನಡಿ ಚೆಂಡಿಗಿಂತ ಒಳ್ಳೆಯ ಸಾಧನವಿಲ್ಲ. ಖರ್ಚೂ ನೂರಿನ್ನೂರು ರೂಪಾಯಿಯೊಳಗೆ.

12-15 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಚೆಂಡಿಗೆ ಸಣ್ಣ ತೂತು ಕೊರೆದು ಒಣ ಮರಳು ತುಂಬಿ, ಟೇಪಿನಿಂದ ಬಾಯಿ ಮುಚ್ಚಿ. ಮರಳಿನ ಭಾರವಿದ್ದರೆ ಚೆಂಡು ಗಾಳಿಗೆ ಉರುಳದೆ, ತಿರುಗಿಸಿದ ಕೋನದಲ್ಲೇ ನಿಲ್ಲುತ್ತದೆ. ಕೊಡ ಇಡುವ ಸಿಂಬೆಯೇ ಪೀಠ. 5 ಸೆಂ.ಮೀ. ಚೌಕದ ಸಮತಟ್ಟು ಕನ್ನಡಿಗೆ ಕಪ್ಪು ರಟ್ಟು ಹೊದಿಸಿ, ರಟ್ಟಿನ ನಡುವೆ 1 ಸೆಂ.ಮೀ. ರಂಧ್ರ ಬಿಟ್ಟು, ಎರಡೂ ಬದಿ ಅಂಟುವ ಟೇಪಿನಿಂದ ಚೆಂಡಿಗೆ ಅಂಟಿಸಿ. ಚೆಂಡು ಬಿಸಿಲಿನಲ್ಲಿರಲಿ, ಬೆಳಕು ಬಾಗಿಲಿನ ಮೂಲಕ ಕತ್ತಲೆ ಕೋಣೆಯೊಳಗಿನ ಬಿಳಿ ಗೋಡೆಗೆ ಬೀಳಲಿ. ಚೆಂಡಿನಿಂದ ಗೋಡೆಗೆ 20 ಮೀಟರ್ ಇದ್ದರೆ ಸುಮಾರು 19 ಸೆಂ.ಮೀ. ಅಗಲದ ಸೂರ್ಯ ಮೂಡುತ್ತಾನೆ. ಲೆಕ್ಕ ಸುಲಭ: ದೂರವನ್ನು 107ರಿಂದ ಭಾಗಿಸಿದರೆ ಬಿಂಬದ ಅಗಲ ಸಿಗುತ್ತದೆ.

ಬಿಂಬ ಮಸುಕಾಗಿದ್ದರೆ ರಂಧ್ರ ದೊಡ್ಡದಾಗಿದೆ, ಇಲ್ಲವೇ ಕನ್ನಡಿ ಸಮತಟ್ಟಾಗಿಲ್ಲ. ಬಿಂಬ ಬೆಳ್ಳಗೆ ಸಪ್ಪೆಯಾಗಿದ್ದರೆ ಕೋಣೆಗೆ ಬೇರೆ ಬೆಳಕು ನುಗ್ಗುತ್ತಿದೆ. ಕಿಟಕಿಗಳಿಗೆ ಕಂಬಳಿ ಕಟ್ಟಿ. ಸೂರ್ಯನ ಕಲೆಗಳು ಕಾಣುತ್ತವೆ ಎಂದು ಫಲಕದಲ್ಲಿ ಬರೆಯಬೇಡಿ. 1 ಸೆಂ.ಮೀ. ರಂಧ್ರದಿಂದ ಬಿಂಬವೂ ಅಷ್ಟೇ ಕದಡಿರುತ್ತದೆ, ತೀರಾ ದೊಡ್ಡ ಕಲೆಯಿದ್ದರಷ್ಟೇ ಕಂಡೀತು.

ಮಕ್ಕಳ ಕೈಗೆ ಪೆನ್ಸಿಲ್ ಕೊಡಿ. ಬಿಂಬದ ಅಂಚನ್ನು ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಗುರುತಿಸಿ ಕಾದರೆ, ಎರಡು ನಿಮಿಷ ಮೀರುವಷ್ಟರಲ್ಲಿ ಸೂರ್ಯ ತನ್ನ ಅಗಲದಷ್ಟು ಪಕ್ಕಕ್ಕೆ ಸರಿದಿರುತ್ತಾನೆ. ಭೂಮಿ ತಿರುಗುವುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ನೇರ ದಾರಿ ನಮಗೆ ಗೊತ್ತಿಲ್ಲ. ಇನ್ನೊಂದು ಪ್ರಯೋಗ: ದುಂಡು ರಂಧ್ರದ ಬದಲು 1 ಸೆಂ.ಮೀ. ತ್ರಿಕೋನ ಕತ್ತರಿಸಿ. ಅರ್ಧ ಮೀಟರ್ ದೂರದಲ್ಲಿ ಹಿಡಿದ ಹಾಳೆಯ ಮೇಲೆ ತ್ರಿಕೋನವೇ ಕಾಣುತ್ತದೆ. ಹಾಳೆ ಹಿಡಿದು ಹಿಂದೆ ಹಿಂದೆ ಸರಿದು 10 ಮೀಟರ್ ದಾಟಿದರೆ ಅದು ದುಂಡಗಾಗಿರುತ್ತದೆ. ಯಾಕೆ ಎಂದು ಅಪ್ಪ-ಅಮ್ಮಂದಿರನ್ನೇ ಕೇಳಿ.

ಒಂದು ಎಚ್ಚರಿಕೆ. ಕನ್ನಡಿಯೊಳಗೆ ಇಣುಕುವುದೂ ಸೂರ್ಯನನ್ನೇ ದಿಟ್ಟಿಸುವುದೂ ಒಂದೇ. ಚೆಂಡಿನ ಸುತ್ತ ಮತ್ತು ಬೆಳಕಿನ ದಾರಿಯುದ್ದಕ್ಕೂ ಹಗ್ಗ ಕಟ್ಟಿ, ಒಬ್ಬ ಸ್ವಯಂಸೇವಕರನ್ನು ನಿಲ್ಲಿಸಿ. ಸರಿಯುವ ಬಿಂಬವನ್ನು ಗೋಡೆಗೆ ಮರಳಿ ತರುವ ಕೆಲಸವೂ ಅವರದೇ.

ಮೇ 18ರಂದು ಶೂನ್ಯ ನೆರಳು ತೋರಿಸಬಹುದೇ?
– ಓದುಗರು, ಬೆಂಗಳೂರು

ಆಗದು. ನೆಟ್ಟಗಿನ ಕೋಲಿನ ನೆರಳು ಮಾಯವಾಗಲು ಸೂರ್ಯ ನೇರ ನೆತ್ತಿಯ ಮೇಲೆ ಬರಬೇಕು. ಹಾಗಾಗಬೇಕಾದರೆ ಅವನ ಕ್ರಾಂತಿಯೂ (ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಅವನು ಸರಿದಿರುವ ಕೋನ) ನಿಮ್ಮೂರಿನ ಅಕ್ಷಾಂಶವೂ ಒಂದೇ ಆಗಿರಬೇಕು. ಬೆಂಗಳೂರಿಗೆ (ಸುಮಾರು 13 ಡಿಗ್ರಿ) ಅದು ಏಪ್ರಿಲ್ 24-25ಕ್ಕೆ, ಮತ್ತೆ ಆಗಸ್ಟ್ 18ರ ಸುಮಾರಿಗೆ. ಮೇ 18ಕ್ಕೆ ಸೂರ್ಯ 19.5 ಡಿಗ್ರಿ ದಾಟಿರುತ್ತಾನೆ, ಅಂದರೆ ಬೀದರ್ ಜಿಲ್ಲೆಯನ್ನೂ ಹಿಂದೆ ಬಿಟ್ಟಿರುತ್ತಾನೆ.

ಆದರೆ ಆ ದಿನದ ನೆರಳು ಇನ್ನೂ ಸ್ವಾರಸ್ಯಕರ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಪುಸ್ತಕದಲ್ಲಿ ಓದಿದವರಿಗೆ ಅಂದು ಅದು ದಕ್ಷಿಣಕ್ಕೆ ಬಿದ್ದದ್ದನ್ನು ತೋರಿಸಿ. 1 ಮೀಟರ್ ಕೋಲಿಗೆ ಬೆಂಗಳೂರಿನಲ್ಲಿ 11-12 ಸೆಂ.ಮೀ., ಧಾರವಾಡದಲ್ಲಿ 7 ಸೆಂ.ಮೀ.ನಷ್ಟು ನೆರಳು ಬೀಳುತ್ತದೆ. ಕೋಲನ್ನು ತೂಕದ ಗುಂಡಿನಿಂದ ನೆಟ್ಟಗೆ ನಿಲ್ಲಿಸಬೇಕು. ಒಂದೇ ಡಿಗ್ರಿ ವಾಲಿದರೂ ಸುಮಾರು 2 ಸೆಂ.ಮೀ. ತಪ್ಪುತ್ತದೆ. ಗಡಿಯಾರ 12 ತೋರಿಸಿದಾಗ ಅಳೆಯುವುದು ಎಲ್ಲರೂ ಮಾಡುವ ತಪ್ಪು. ನಮ್ಮ ಗಡಿಯಾರಗಳು 82.5 ಡಿಗ್ರಿ ರೇಖಾಂಶದ ಸಮಯ ತೋರಿಸುತ್ತವೆ, ನಮ್ಮೂರುಗಳು ಅದಕ್ಕಿಂತ ಪಶ್ಚಿಮಕ್ಕಿವೆ. ಅಂದು ನಿಜವಾದ ನಡುಹಗಲು ಬೆಂಗಳೂರಿಗೆ 12.16ಕ್ಕೆ, ಧಾರವಾಡಕ್ಕೆ 12.26ರ ಹೊತ್ತಿಗೆ. 12 ಗಂಟೆಯಿಂದಲೇ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚುಕ್ಕೆ ಇಡಿಸುತ್ತಾ ಹೋಗಿ. ಅತಿ ಗಿಡ್ಡ ನೆರಳು ಯಾವುದೆಂದು ಮಕ್ಕಳೇ ಹೇಳಲಿ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕವಿಯುವುದು ಸಾಮಾನ್ಯ, ಹಾಗಾಗಿ ಬಿಸಿಲಿನ ಆಟಗಳೆಲ್ಲ ಊಟಕ್ಕೆ ಮೊದಲೇ ಮುಗಿಯಲಿ.

ಮೈದಾದ ಮೇಲೆ ಕೋಕೋ ಪುಡಿ ಹರಡಿ, ಗೋಲಿ ಬೀಳಿಸಿ ಚಂದ್ರನ ಕುಳಿ ಮಾಡಿಸಿದೆವು. ಮೊದಲ ನಾಲ್ಕು ಮಕ್ಕಳಿಗೆ ಚೆನ್ನಾಗಿ ಬಂತು, ಆಮೇಲೆ ಬರೀ ತಗ್ಗು. ಕೋಕೋ ದುಬಾರಿ ಬೇರೆ.
– ಓದುಗರು, ಹಾಸನ

ಕೋಕೋ ಬದಲು ರಾಗಿ ಹಿಟ್ಟು ಸಾಕು, ಹುರಿದ ರಾಗಿಯದಾದರೆ ಬಣ್ಣ ಇನ್ನೂ ಎದ್ದು ಕಾಣುತ್ತದೆ. 30×20 ಸೆಂ.ಮೀ. ಟ್ರೇಗೆ 6 ಸೆಂ.ಮೀ. ಎತ್ತರ ತುಂಬಲು 2 ಕೆ.ಜಿ. ಮೈದಾ ಬೇಕು. ಮೇಲಿನ ರಾಗಿ ಜರಡಿಯಿಂದ ಉದುರಿಸಿದ 2 ಮಿ.ಮೀ. ಪದರ ಮಾತ್ರ, ದಪ್ಪವಾದರೆ ಒಳಗಿನ ಬಿಳಿ ಚಿಮ್ಮಿ ಹೊರಗೆ ಬಾರದು, ಕುಳಿಯ ಸುತ್ತ ಹರಡುವ ಬಿಳಿ ಗೆರೆಗಳಾದ ಕಿರಣಗಳೂ ಮೂಡವು.

ನಿಮ್ಮಲ್ಲಿ ಆದದ್ದು ಬಹುಶಃ ಇದು: ಮಟ್ಟ ಮಾಡಲು ಟ್ರೇಯನ್ನು ಕುಟ್ಟಿದ್ದೀರಿ. ಕುಟ್ಟಿದರೆ ಹಿಟ್ಟು ಬಿಗಿಯುತ್ತದೆ. ಪ್ರತಿ ಸಲ ಫೋರ್ಕಿನಿಂದ ಬುಡದವರೆಗೆ ಸಡಿಲಿಸಿ, ಸ್ಕೇಲಿನ ಅಂಚಿನಿಂದ ಹಗುರವಾಗಿ ಎಳೆದು, ಹೊಸದಾಗಿ ರಾಗಿ ಉದುರಿಸಬೇಕು. ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ, ಆದ್ದರಿಂದ ಮೂರು ಟ್ರೇ ಇಡಿ. ತೇವ ಹಿಡಿದ ಹಿಟ್ಟೂ ಹೀಗೇ ಕೈಕೊಡುತ್ತದೆ. ಫ್ಯಾನ್ ಆರಿಸಿರಿ. ಗೋಲಿಯ ಬದಲು ಉಕ್ಕಿನ ಗುಂಡು ಬಳಸಿ, ದಾರಕ್ಕೆ ಕಟ್ಟಿದ ಅಯಸ್ಕಾಂತದಿಂದ ಮೇಲೆತ್ತಿದರೆ ಕುಳಿ ಕೆಡುವುದಿಲ್ಲ.

ಅದೇ ಗುಂಡನ್ನು 30 ಸೆಂ.ಮೀ.ನಿಂದ ಬಿಡಿ, ಆಮೇಲೆ 120 ಸೆಂ.ಮೀ.ನಿಂದ. ವೇಗ ಇಮ್ಮಡಿ, ಶಕ್ತಿ ನಾಲ್ಮಡಿ. ಕುಳಿಯ ಅಗಲ ಮಾತ್ರ ಒಂದೂವರೆ ಪಟ್ಟೂ ಆಗದು. ಅಳೆದ ಮಕ್ಕಳು ನಂಬದೆ ಮತ್ತೆ ಅಳೆಯುತ್ತಾರೆ. ಓರೆಯಾಗಿ ಎಸೆದರೆ ಉದ್ದ ಕುಳಿ ಬೀಳುತ್ತದೆ, ಚಂದ್ರನಲ್ಲಾದರೋ ಹೆಚ್ಚಿನವು ದುಂಡಗೇ ಇವೆ. ನಿಮ್ಮ ಗುಂಡು ಸೆಕೆಂಡಿಗೆ 5 ಮೀಟರ್‌ಗೂ ಕಡಿಮೆ ವೇಗದ್ದು, ಹಿಟ್ಟನ್ನು ಸುಮ್ಮನೆ ತಳ್ಳುತ್ತದೆ. ಸೆಕೆಂಡಿಗೆ ಹತ್ತಾರು ಕಿ.ಮೀ. ವೇಗದಲ್ಲಿ ಬರುವ ಉಲ್ಕೆ ಬಾಂಬಿನಂತೆ ಸಿಡಿಯುತ್ತದೆ. ಸಿಡಿತಕ್ಕೆ ಬಂದ ದಿಕ್ಕು ಲೆಕ್ಕಕ್ಕಿಲ್ಲ. ಮಹಾರಾಷ್ಟ್ರದ ಲೋನಾರ್‌ನ 1.8 ಕಿ.ಮೀ. ಅಗಲದ ಕುಳಿಯ ಚಿತ್ರವನ್ನು ಮೇಜಿನ ಪಕ್ಕ ತೂಗುಹಾಕಿ.

100 ಮೀಟರ್ ಅಂಗಳದಲ್ಲಿ ಸೌರಮಂಡಲ ಹಿಡಿಸುತ್ತದೆಯೇ?
– ಓದುಗರು, ಮಂಗಳೂರು

ಗುರುವಿನವರೆಗೆ ಹಿಡಿಸುತ್ತದೆ. 1 ಸೆಂ.ಮೀ. ಅಂದರೆ 1 ಲಕ್ಷ ಕಿ.ಮೀ. ಎಂದು ಇಟ್ಟುಕೊಳ್ಳಿ. ಸೂರ್ಯ 14 ಸೆಂ.ಮೀ.ನ ಚಕ್ಕೋತ. ಭೂಮಿ 15 ಮೀಟರ್ ದೂರದ ಸಾಸಿವೆ, ಗುರು 78 ಮೀಟರ್ ದೂರದ ಗೋಲಿ. ಶನಿ 143 ಮೀಟರ್‌ಗೆ, ಗೇಟಿನಾಚೆ. ನೆಪ್ಚೂನ್ 450 ಮೀಟರ್‌ನಲ್ಲಿ, ಒಂದು ಕಾಳುಮೆಣಸು. ಕಾಳುಗಳನ್ನು ರಟ್ಟಿಗೆ ಅಂಟಿಸದಿದ್ದರೆ ಅರ್ಧ ಗಂಟೆಯಲ್ಲಿ ಭೂಮಿ ಗುಬ್ಬಚ್ಚಿಯ ಪಾಲು. ಹತ್ತಿರದ ನಕ್ಷತ್ರಕ್ಕೆ ಎಷ್ಟು ದೂರ ಎಂದು ಯಾರಾದರೂ ಕೇಳೇ ಕೇಳುತ್ತಾರೆ: 4,000 ಕಿ.ಮೀ.

ಹಳೆಯ ಎಕ್ಸ್-ರೇ ಫಿಲ್ಮಿನಲ್ಲಿ ಸೂರ್ಯನನ್ನು ನೋಡಬಹುದೇ?
– ಓದುಗರು, ತುಮಕೂರು

ಬೇಡ. ಕಣ್ಣಿಗೆ ಕಾಣದ ಅವಕೆಂಪು ಕಿರಣ ಅದನ್ನು ದಾಟಿ ಬರುತ್ತದೆ. ಐಎಸ್‌ಒ 12312-2 ಗುರುತಿನ ಸೌರ ಕನ್ನಡಕ ಮಾತ್ರ ಬಳಸಿ, ಅದರಲ್ಲೂ ಗೀರು ಬಿದ್ದದ್ದನ್ನು ಎಸೆದುಬಿಡಿ.

ಕತ್ತಲೆ ಕೋಣೆಯಲ್ಲಿ ಬಲ್ಬು, ಕೋಲಿಗೆ ಸಿಕ್ಕಿಸಿದ ಥರ್ಮೋಕೋಲ್ ಚೆಂಡು ಇಟ್ಟು ಚಂದ್ರಕಲೆ ತೋರಿಸುತ್ತೇವೆ. ಆದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಆಗಿಬಿಡುತ್ತದೆ!
– ಓದುಗರು, ಶಿವಮೊಗ್ಗ

ಬಲ್ಬಿಗೆ ಬೆನ್ನು ಹಾಕಿದಾಗ ಚೆಂಡನ್ನು ತಲೆಗಿಂತ ಒಂದು ಗೇಣು ಮೇಲೆ ಹಿಡಿದರೆ ಗ್ರಹಣ ಬಿಡುತ್ತದೆ. ಯಾಕೆ ಹಿಡಿಯುತ್ತಿತ್ತು ಎನ್ನುವುದು ಕೈಯ ಉದ್ದದಲ್ಲಿದೆ. ತಲೆ 18 ಸೆಂ.ಮೀ.ನ ಭೂಮಿ, ಚೆಂಡು 5 ಸೆಂ.ಮೀ.ನ ಚಂದ್ರ, ಈ ಅಳತೆ ಸರಿಯೇ. ಆದರೆ ಅವೆರಡರ ನಡುವೆ ಸುಮಾರು 5.5 ಮೀಟರ್ ಇರಬೇಕಿತ್ತು, ನಿಮ್ಮ ತೋಳು ಅರ್ಧ ಮೀಟರ್ ಚಿಲ್ಲರೆ. ಚಂದ್ರನ ಕಕ್ಷೆ 5 ಡಿಗ್ರಿ ವಾಲಿದೆ. ಅಷ್ಟು ದೂರಕ್ಕೆ ಆ ವಾಲುವಿಕೆ ಅರ್ಧ ಮೀಟರ್ ಮೇಲೋ ಕೆಳಗೋ ಆಗಿ ನೆರಳನ್ನು ತಪ್ಪಿಸುತ್ತದೆ. 6 ಮೀಟರ್ ದಾರ ಹಿಡಿದು ಇಬ್ಬರು ಮಕ್ಕಳನ್ನು ನಿಲ್ಲಿಸಿದರೆ ವಿವರಿಸುವ ಕೆಲಸವೇ ಉಳಿಯದು.

ಬಲ್ಬು ಒಂದೇ ಇರಲಿ, ಟ್ಯೂಬ್‌ಲೈಟ್ ಬೇಡ. ಗೋಡೆ ಬೆಳ್ಳಗಿದ್ದರೆ ಮಕ್ಕಳನ್ನು ಅದರಿಂದ ದೂರ ನಿಲ್ಲಿಸಿ. ಬಲ್ಬಿಗೆ ಎದುರಾಗಿ ನಿಂತದ್ದು ಅಮಾವಾಸ್ಯೆ. ಅಲ್ಲಿಂದ ಎಡಕ್ಕೆ ತಿರುಗುತ್ತಾ ಹೋದರೆ ಬಲ ಅಂಚಿನಿಂದ ಬೆಳಕು ಬೆಳೆದು ಬಿದಿಗೆ, ಅಷ್ಟಮಿ, ಹುಣ್ಣಿಮೆ ಸಾಲಾಗಿ ಬರುತ್ತವೆ. ಬಲಕ್ಕೆ ತಿರುಗಿದ ಮಗುವಿಗೆ ಪಕ್ಷಗಳೇ ಅದಲುಬದಲು. ಹೀಗಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಎಳೆದಿಡಿ.