ಘಾಟಿ ಹತ್ತುವಾಗ ಕಾಯುವ ಎಂಜಿನ್

ಪ್ರಶ್ನೆ: ನನ್ನಲ್ಲಿರುವುದು 1999ರಲ್ಲಿ ಕೊಂಡ, ಮೂರು ಸಿಲಿಂಡರಿನ ಚಿಕ್ಕ ಪೆಟ್ರೋಲ್ ಕಾರು. ತಂದೆಯವರು ಓಡಿಸುತ್ತಿದ್ದ ಗಾಡಿಯಾದ್ದರಿಂದ ಮಾರಲು ಮನಸ್ಸಿಲ್ಲ. ಎರಡು ವರ್ಷಗಳಿಂದ ಉಡುಪಿಯಿಂದ ಮರಳುವಾಗ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಏಳೆಂಟನೆಯ ತಿರುವಿಗೆ ಬರುವಷ್ಟರಲ್ಲಿ ತಾಪಮಾನದ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಊರೊಳಗೆ, ಸಿಗ್ನಲ್ಲಿನಲ್ಲಿ ನಿಂತಾಗ ತೊಂದರೆಯಿಲ್ಲ. ಫ್ಯಾನ್ ಮೋಟಾರು ಹೊಸದು ಹಾಕಿಸಿದೆ, ರೇಡಿಯೇಟರನ್ನು ಹೊರಗಿನಿಂದ ತೊಳೆಸಿದೆ, ಕೊನೆಗೆ ಗ್ಯಾರೇಜಿನವರು, ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟನ್ನೇ ತೆಗೆದುಹಾಕಿದರು. ಆರು ತಿಂಗಳು ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಪ್ರತಿ ಪ್ರಯಾಣದ ನಂತರ ಅರ್ಧ ಲೀಟರ್ ನೀರು ಹಾಕಬೇಕು. ಆದರೆ ಗಾಡಿಯ ಕೆಳಗೆ ಒಂದು ಹನಿಯೂ ಬಿದ್ದಿರುವುದಿಲ್ಲ. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ತಾವು ಬರೆದಿರುವುದರಲ್ಲಿ ಎರಡು ಸಂಗತಿಗಳು ಬಹಳ ಮುಖ್ಯವಾದವು: ಎಂಜಿನ್ ಯಾವಾಗ ಕಾಯುತ್ತದೆ ಮತ್ತು ನೀರು ಎಲ್ಲಿಗೆ ಹೋಗುತ್ತಿದೆ. ಇವೆರಡನ್ನು ಕೇಳದೆ ಒಂದಾದ ಮೇಲೊಂದು ಭಾಗವನ್ನು ಬದಲಿಸಿದ್ದರಿಂದಲೇ ಹಣ ಹೋಯಿತು, ರೋಗ ಉಳಿಯಿತು.

ನಿಂತಾಗ ಅಥವಾ ನಿಧಾನವಾಗಿ ಹೋಗುವಾಗ ಕಾದರೆ ಮೊದಲ ಸಂಶಯ ಫ್ಯಾನಿನ ಮೇಲೆ, ಏಕೆಂದರೆ ಗಾಡಿ ಓಡುತ್ತಿರುವಾಗ ಗಾಳಿ ತಾನಾಗಿಯೇ ಬರುತ್ತದೆ. ತಮ್ಮ ಗಾಡಿ ಸಿಗ್ನಲ್ಲಿನಲ್ಲಿ ಕಾಯುವುದಿಲ್ಲ, ಆದ್ದರಿಂದ ಫ್ಯಾನ್ ಮೋಟಾರಿಗೆ ಮಾಡಿದ ಖರ್ಚು ಬೇಕಾಗಿರಲಿಲ್ಲ. ಎಂಜಿನ್ ಹೆಚ್ಚು ಶಕ್ತಿ ಕೊಡಬೇಕಾದಾಗ, ಅಂದರೆ ಏರಿನಲ್ಲಿ ಎರಡನೆಯ ಗೇರಿನಲ್ಲಿ ಎಳೆಯುವಾಗ ಮಾತ್ರ ಕಾಯುವುದಾದರೆ, ಒಳಗೆ ಹರಿಯುವ ನೀರಿನ ಪ್ರಮಾಣ ಸಾಲದು, ಅಥವಾ ಆ ನೀರು ರೇಡಿಯೇಟರಿನಲ್ಲಿ ಬಿಸಿ ಕಳೆದುಕೊಳ್ಳುತ್ತಿಲ್ಲ, ಅಥವಾ ಸಿಲಿಂಡರಿನೊಳಗಿನ ಉರಿಯ ಅನಿಲ ನೀರಿನ ದಾರಿಗೆ ನುಗ್ಗುತ್ತಿದೆ ಎಂದು ತಿಳಿಯಬೇಕು. ಕೆಳಗೆ ಹನಿಯೂ ಬೀಳದೆ ನೀರು ಕಡಿಮೆಯಾಗುತ್ತಿರುವುದರಿಂದ ನನ್ನ ಅನುಮಾನ ಮೂರನೆಯದರ ಕಡೆಗೇ ಹೆಚ್ಚು ವಾಲುತ್ತದೆ.

ಆದರೂ ಪರೀಕ್ಷೆಯನ್ನು ಅತ್ಯಂತ ಅಗ್ಗದ ಭಾಗದಿಂದ, ಅಂದರೆ ರೇಡಿಯೇಟರ್ ಮುಚ್ಚಳದಿಂದ ಆರಂಭಿಸಿ. ಅಡುಗೆಮನೆಯ ಕುಕ್ಕರಿನ ಹಾಗೆ ಅದು ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ಮಾಡುತ್ತದೆ. ಮುಚ್ಚಳದ ಮೇಲೆ ಒತ್ತಡದ ಅಳತೆ 0.9 ಎಂದು ಅಚ್ಚೊತ್ತಿದ್ದರೆ, ಆ ಒತ್ತಡದಲ್ಲಿ ಬರಿಯ ನೀರು ಸುಮಾರು 118 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಸವೆದಾಗ ಆವಿ ಸೋರುವಂತೆ ಇಲ್ಲಿಯೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ನೀರು 100ರ ಹತ್ತಿರವೇ ಕುದಿದು ಪಕ್ಕದ ಡಬ್ಬಿಗೆ ಉಕ್ಕಿ, ಅಲ್ಲಿಂದ ಓಡುವ ದಾರಿಯಲ್ಲೇ ಚೆಲ್ಲಿಹೋಗುತ್ತದೆ. ಮನೆಯಂಗಳದಲ್ಲಿ ಅದರ ಗುರುತು ಸಿಗುವುದಿಲ್ಲ. ಮುಚ್ಚಳದ ನಡುವೆ ಇನ್ನೊಂದು ಪುಟ್ಟ ಕವಾಟವಿದೆ. ಎಂಜಿನ್ ತಣಿದಾಗ ಡಬ್ಬಿಯ ನೀರನ್ನು ಒಳಕ್ಕೆ ಮರಳಿ ಎಳೆದುಕೊಳ್ಳುವುದು ಅದರ ಮೂಲಕವೇ. ಬೆಳಿಗ್ಗೆ ಡಬ್ಬಿ ತುಂಬಿದ್ದು ರೇಡಿಯೇಟರಿನ ಕುತ್ತಿಗೆಯಲ್ಲಿ ನೀರು ತಗ್ಗಿದ್ದರೆ ಈ ಕವಾಟ ಕೆಟ್ಟಿರಬಹುದು, ಇಲ್ಲವೇ ಡಬ್ಬಿಗೆ ಹೋಗುವ ನಳಿಗೆ ಸೀಳಿರಬಹುದು.

ಮುಚ್ಚಳ ಸರಿಯಿದ್ದರೆ ಹೆಡ್ ಗ್ಯಾಸ್ಕೆಟ್ಟಿನ, ಅಂದರೆ ಎಂಜಿನ್ನಿನ ದೇಹಕ್ಕೂ ಅದರ ಮೇಲಿನ ಸಿಲಿಂಡರ್ ಹೆಡ್ಡಿಗೂ ನಡುವೆ ಅನಿಲ, ನೀರು ಸೋರದಂತೆ ಇಟ್ಟಿರುವ ತೆಳು ಪದರದ ಪರೀಕ್ಷೆ ಮಾಡಿ. ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಗಾಡಿಯಲ್ಲಿ ಮುಚ್ಚಳ ತೆಗೆದು, ಕುತ್ತಿಗೆಯವರೆಗೆ ನೀರು ತುಂಬಿ, ಎಂಜಿನ್ ಚಾಲೂ ಮಾಡಿಸಿ ನೀರನ್ನೇ ನೋಡುತ್ತ ನಿಲ್ಲಿ. ಮೊದಲಿಗೆ ನಾಲ್ಕಾರು ಗುಳ್ಳೆಗಳು ಬಂದು ನಿಂತರೆ ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ. ಎಂಜಿನ್ನಿನ ಮಿಡಿತಕ್ಕೆ ಸರಿಯಾಗಿ ಸಣ್ಣ ಗುಳ್ಳೆಗಳು ಎಡೆಬಿಡದೆ ಬರುತ್ತಲೇ ಇದ್ದು, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ ಅದು ಉರಿಯ ಅನಿಲ. ಇನ್ನೊಂದು ಬೆಳಿಗ್ಗೆ ಮುಚ್ಚಳ ಹಾಕಿಕೊಂಡೇ ಎಂಜಿನ್ ಚಾಲೂ ಮಾಡಿ, ಒಂದೆರಡು ನಿಮಿಷದೊಳಗೆ ಮೇಲಿನ ಹೋಸನ್ನು ಹಿಚುಕಿ ನೋಡಿ. ಇನ್ನೂ ತಣ್ಣಗಿರುವ ಹೋಸು ಆಗಲೇ ಕಲ್ಲಿನಂತೆ ಬಿಗಿದುಕೊಂಡಿದ್ದರೆ ಆ ಒತ್ತಡ ನೀರಿನ ಬಿಸಿಯಿಂದ ಬಂದದ್ದಲ್ಲ. ದೊಡ್ಡ ಗ್ಯಾರೇಜುಗಳಲ್ಲಿ ನೀಲಿ ದ್ರವದ ಪರೀಕ್ಷೆಯಿದೆ, ಅನಿಲ ತಗುಲಿದರೆ ಅದು ಹಳದಿಗೆ ತಿರುಗುತ್ತದೆ. ಆಯಿಲ್ ಹಾಕುವ ಮುಚ್ಚಳದ ಅಡಿ, ಆಯಿಲಿಗೆ ನೀರು ಬೆರೆತಾಗ ಕಾಣುವ ಕೆನೆಯಂಥ ಪದಾರ್ಥ ಇಲ್ಲವೆಂದ ಮಾತ್ರಕ್ಕೆ ಗ್ಯಾಸ್ಕೆಟ್ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಬೇಡಿ, ಏಕೆಂದರೆ ಸೋರಿಕೆ ಸಿಲಿಂಡರಿಗೂ ನೀರಿಗೂ ನಡುವೆ ಮಾತ್ರ ಇದ್ದರೆ ಆಯಿಲ್ ಶುದ್ಧವಾಗಿಯೇ ಇರುತ್ತದೆ.

ನನಗೆ ತೋರುವುದು ಹೀಗೆ. ಮೊದಲು ಕೆಟ್ಟದ್ದು ಮುಚ್ಚಳವೋ ರೇಡಿಯೇಟರೋ ಇರಬಹುದು. ಆದರೆ ಮುಳ್ಳು ಕೆಂಪು ಮುಟ್ಟಿದ ಮೇಲೂ ಇನ್ನೆರಡು ತಿರುವು ಹತ್ತಿಸಿದ ಪ್ರತಿ ಸಲವೂ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಒಂದಿಷ್ಟು ಬಾಗುತ್ತ ಬಂದು, ಮೊದಲ ದೋಷದಿಂದಲೇ ಎರಡನೆಯದು ಹುಟ್ಟಿದೆ. ಈಗ ಒಂದನ್ನು ಮಾತ್ರ ಸರಿಪಡಿಸಿದರೆ ಉಳಿದದ್ದು ಅದನ್ನು ಮತ್ತೆ ಕೆಡಿಸುತ್ತದೆ. ಗ್ಯಾಸ್ಕೆಟ್ ಹೋಗಿರುವುದು ಖಚಿತವಾದರೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಡಲು ದಯವಿಟ್ಟು ಒಪ್ಪಬೇಡಿ. ಹೆಡ್ಡಿನ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಪಟ್ಟಿಗಳು) ತಮ್ಮೆದುರೇ ಅಳೆಸಿ. ಇಂಥ ಚಿಕ್ಕ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.05 ಮಿಲಿಮೀಟರಿಗಿಂತ ಹೆಚ್ಚು ಬಾಗಿದ್ದರೆ ಲೇಥ್ ಕೆಲಸದವರಲ್ಲಿ ಫೇಸಿಂಗ್ ಮಾಡಿಸಿ ಮೈ ಸಮತಟ್ಟಾಗಿಸಬೇಕು, ಬಿರುಕಿದೆಯೇ ಎಂಬುದನ್ನೂ ಅಲ್ಲಿಯೇ ಪರೀಕ್ಷಿಸಬೇಕು. ಬೋಲ್ಟುಗಳನ್ನು ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ, ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯಬೇಕು. ಕೈ ಅಂದಾಜಿನ ಬಿಗಿತ ಇಲ್ಲಿ ಸಲ್ಲದು.

ಹೆಡ್ ಬಿಚ್ಚಿರುವಾಗಲೇ ರೇಡಿಯೇಟರನ್ನು ಒಳಗಿನಿಂದ ಶುಚಿ ಮಾಡಿಸಿ. ತಾವು ತೊಳೆಸಿದ್ದು ಹೊರಮೈಯನ್ನು ಮಾತ್ರ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ರೇಡಿಯೇಟರಿನ ನಾಳಗಳಲ್ಲಿ ಉಪ್ಪಿನ ಪದರ ಕಟ್ಟಿರುತ್ತದೆ. ತಾಮ್ರ-ಹಿತ್ತಾಳೆಯದಾದರೆ ರೇಡಿಯೇಟರ್ ಅಂಗಡಿಯವರು ತೊಟ್ಟಿ ಬಿಚ್ಚಿ ನಾಳಗಳಲ್ಲಿ ಕಂಬಿಯಾಡಿಸಿ ಕೊಡುತ್ತಾರೆ, ಅಲ್ಯೂಮಿನಿಯಂನದಾದರೆ ಬದಲಿಸುವುದೇ ಲೇಸು. ವಾಟರ್ ಪಂಪಿನ ರೆಕ್ಕೆಗಳು ತುಕ್ಕಿಗೆ ಸವೆದಿವೆಯೇ ಎಂದು ನೋಡಿಸಿ. ಕೆಳಗಿನ ಹೋಸು ಮೆತ್ತಗಾಗಿದ್ದರೆ ಎಂಜಿನ್ ಜೋರಾಗಿ ತಿರುಗಿದಾಗ ಪಂಪಿನ ಎಳೆತಕ್ಕೆ ಅದು ಚಪ್ಪಟೆಯಾಗಿ ನೀರಿನ ದಾರಿ ಮುಚ್ಚಿಬಿಡುತ್ತದೆ. ನಿಂತ ಗಾಡಿಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಥರ್ಮೋಸ್ಟಾಟನ್ನು ಮರಳಿ ಹಾಕಿಸಲೇಬೇಕು. ಅದಿಲ್ಲದ ಎಂಜಿನ್ ಬಯಲಿನಲ್ಲಿ ತಣ್ಣಗೇ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಆರು ತಿಂಗಳ ಆ ನೆಮ್ಮದಿ ರೋಗವನ್ನು ಮರೆಮಾಡಿತಷ್ಟೇ. ಹೊಸದನ್ನು ಹಾಕುವ ಮುನ್ನ ದಾರದಲ್ಲಿ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಒಲೆಯ ಮೇಲಿಟ್ಟು, ಥರ್ಮಾಮೀಟರ್ ಹಿಡಿದು ನೋಡಿ. ಅದರ ಮೇಲೆ 82 ಎಂದಿದ್ದರೆ 82 ಡಿಗ್ರಿಯ ಆಸುಪಾಸಿನಲ್ಲೇ ಬಾಯಿ ತೆರೆಯಲು ಆರಂಭಿಸಬೇಕು. ಕೊನೆಯಲ್ಲಿ ಎಂಜಿನ್ ತಣಿಸುವ ದ್ರವವಾದ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಡನೆ ಅರ್ಧಕ್ಕರ್ಧ ಬೆರೆಸಿ ತುಂಬಿಸಿ, ಗಾಡಿಯ ಮೂತಿ ಮೇಲಿರುವಂತೆ ನಿಲ್ಲಿಸಿ, ಹೀಟರ್ ತೆರೆದಿಟ್ಟು ಗಾಳಿಯನ್ನೆಲ್ಲ ಹೊರಡಿಸಿ.

ಪ್ರಶ್ನೆ: ಘಾಟಿಯ ನಡುವೆ ಎಂಜಿನ್ ಕಾದರೆ ಕೂಡಲೇ ತಣ್ಣೀರು ಸುರಿಯಬಹುದೇ?
– ಓದುಗರು, ಬೆಳ್ತಂಗಡಿ

ಉತ್ತರ: ಖಂಡಿತ ಬೇಡ. ಕಾದ ಹೆಡ್ಡಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತಿರುಗಿಸಿದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮುಳ್ಳು ಏರತೊಡಗಿದಾಗಲೇ ಏಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ತೆರೆಯಿರಿ. ಒಳಗೆ ಕುಳಿತವರಿಗೆ ಸೆಕೆಯಾದರೂ ಅಷ್ಟು ಬಿಸಿ ಎಂಜಿನ್ನಿನಿಂದ ಹೊರಹೋಗುತ್ತದೆ. ಇಳಿಯದಿದ್ದರೆ ತಿರುವಿನಿಂದ ದೂರ, ಹಿಂದಿನಿಂದ ಬರುವ ಲಾರಿಯವರಿಗೆ ಕಾಣುವಂಥ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದುಕೊಳ್ಳುವಷ್ಟು ತಣಿಯಲಿ, ಅದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ಆಮೇಲೆ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ, ಆವಿ ಹೋದ ಮೇಲೆ ತೆಗೆದು, ಎಂಜಿನ್ ಓಡುತ್ತಿರುವಾಗ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಚೆಲ್ಲಿದ ಕೂಲೆಂಟಿನ ಮೇಲೆ ಮಣ್ಣು ಮುಚ್ಚಿ ಬನ್ನಿ. ಅದು ಸಿಹಿಯಾಗಿರುವುದರಿಂದ ನಾಯಿ, ದನಗಳು ನೆಕ್ಕುತ್ತವೆ, ಮತ್ತು ಅದು ವಿಷ.