ಕಾಂಬೋ ತಗೊಂಡ್ರೆ ನಿಜವಾಗ್ಲೂ ದುಡ್ಡು ಉಳಿಯುತ್ತಾ?

ಪ್ರಶ್ನೆ: ನಮ್ಮನೆ ರಾಜಾಜಿನಗರದಲ್ಲಿದೆ ಸರ್. ವೈಫೈಗೆ ತಿಂಗಳಿಗೆ 799, ಅದರ ಮೇಲೆ ಜಿಎಸ್‌ಟಿ. ಹಾಲ್‌ನಲ್ಲಿರೋ ಟಿವಿಯ ಡಿಶ್‌ಗೆ 410, ರೂಮಿನ ಟಿವಿಗೆ 210, ಜೊತೆಗೆ ಮಗ 299ರ ಒಂದು ಓಟಿಟಿ ಹಾಕಿಸಿಕೊಂಡಿದಾನೆ. ಮೊನ್ನೆ ಒಬ್ಬ ಹುಡುಗ ಮನೆ ಬಾಗಿಲಿಗೇ ಬಂದು ನೆಟ್ಟು, ಟಿವಿ, ಓಟಿಟಿ ಎಲ್ಲಾ ಸೇರಿ 999 ಅಂದ. ಅತ್ತೆಗೆ ಸಂಜೆ ಸೀರಿಯಲ್ ತಪ್ಪೋ ಹಾಗಿಲ್ಲ, ಮಗನಿಗೆ ವರ್ಕ್ ಫ್ರಂ ಹೋಮ್. ತಗೋಬಹುದಾ?

ಉತ್ತರ: ಸ್ವಲ್ಪ ತಡೀರಿ ಮೇಡಂ, ಮೊದಲು ಒಂದು ಪೇಪರ್ ತಗೊಂಡು ಲೆಕ್ಕ ಹಾಕೋಣ. ಈಗ ನಿಮಗೆ ಆಗ್ತಿರೋದು ವೈಫೈಗೆ ಶೇ 18 ಜಿಎಸ್‌ಟಿ ಸೇರಿ 943, ಡಿಶ್ ಎರಡೂ ಸೇರಿ 620, ಓಟಿಟಿ 299, ಒಟ್ಟು 1862. ಆ ಹುಡುಗ ಹೇಳಿದ 999ಕ್ಕೂ ಜಿಎಸ್‌ಟಿ ಇದೆ, ಬಿಲ್ಲು ಬರೋದು 1179. ಇದನ್ನ ಅವರು ಬಾಗಿಲಲ್ಲಿ ನಿಂತಾಗ ಹೇಳಲ್ಲ, ನಮ್ಮನೆಗೆ ಬಂದವನೂ ಹೇಳಿರ್ಲಿಲ್ಲ, ಮೊದಲ ಬಿಲ್ಲು ಬಂದಾಗ ನನ್ನ ಹೆಂಡ್ತಿ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ. ಇನ್ನು ಕಾಂಬೋದಲ್ಲಿ ಸಾಮಾನ್ಯವಾಗಿ ಕೊಡೋದು ಒಂದೇ ಟಿವಿಗೆ ಬಾಕ್ಸು. ರೂಮಿನ ಟಿವಿಗೂ ಬೇಕು ಅಂದ್ರೆ ಬೇರೆ ದುಡ್ಡು, ಅದನ್ನ 200 ಪ್ಲಸ್ ಜಿಎಸ್‌ಟಿ ಅಂತ ಹಿಡಿದ್ರೆ ಒಟ್ಟು 1415ಕ್ಕೆ ಬಂತು. ಆದ್ರೂ ತಿಂಗಳಿಗೆ 447 ಉಳೀತಲ್ಲ ಅಂತೀರಾ, ಉಳೀತು, ಸುಳ್ಳಲ್ಲ. ಆದ್ರೆ ಏನನ್ನೂ ಹೊಸದಾಗಿ ತಗೊಳ್ದೆ, ಈಗಿರೋದನ್ನೇ ಕತ್ತರಿಸಿದ್ರೆ ಇದಕ್ಕಿಂತ ಜಾಸ್ತಿ ಉಳಿಯುತ್ತೆ.

ಹೇಗೆ ಅಂದ್ರೆ, ಇವತ್ತು ಸಂಜೆ ಅತ್ತೆ ಪಕ್ಕ ಕೂತ್ಕೊಂಡು ಅವರು ಯಾವ ಚಾನೆಲ್ ಹಾಕ್ತಾರೆ ಅಂತ ಬರ್ಕೊಳ್ಳಿ. ನಮ್ಮಮ್ಮನ ರಿಮೋಟ್‌ನಲ್ಲಿ ಮೂರು ನಂಬರಿನ ಬಟನ್ ಮಾತ್ರ ಸವೆದು ಅಕ್ಷರ ಅಳಿಸಿಹೋಗಿದೆ, ಉಳಿದಿದ್ದೆಲ್ಲಾ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇದೆ. ಅಷ್ಟೇ ಅವರು ನೋಡೋದು. ನಾವು ಮಾತ್ರ ಇನ್ನೂರು ಮುನ್ನೂರು ಚಾನೆಲ್ ಪ್ಯಾಕ್‌ಗೆ ದುಡ್ಡು ಕಟ್ತಾ ಬಂದಿದ್ವಿ. 2019ರಿಂದ ಟ್ರಾಯ್ (ಫೋನು, ಟಿವಿ ಕಂಪನಿಗಳನ್ನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ) ನಿಯಮದ ಪ್ರಕಾರ ಬೇಕಾದ ಚಾನೆಲ್ ಬಿಡಿಬಿಡಿಯಾಗಿ ಆರಿಸ್ಕೋಬಹುದು, ಅದು ನಿಮ್ಮ ಹಕ್ಕು, ಕಸ್ಟಮರ್ ಕೇರ್‌ನವರು ಪ್ಯಾಕೇ ಚೆನ್ನಾಗಿರುತ್ತೆ ಮೇಡಂ ಅಂತ ಎಳೆದಾಡ್ತಾರೆ, ಬಿಡಬೇಡಿ. ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ, ಕ್ರಿಕೆಟ್‌ಗೆ ಒಂದು ಸ್ಪೋರ್ಟ್ಸ್ ಚಾನೆಲ್, ಒಂದೊಂದಕ್ಕೆ 19 ಅಂತ ಹಿಡಿದ್ರೆ 95 ಆಯ್ತು, ಮೇಲೆ ನೆಟ್‌ವರ್ಕ್ ಚಾರ್ಜ್ 130, ಜಿಎಸ್‌ಟಿ ಸೇರಿ 266. ಉಚಿತ ಚಾನೆಲ್‌ಗಳು ಆ 130ರಲ್ಲೇ ಬರುತ್ತೆ. ಆ ಚಾರ್ಜ್ ಮೇಲಿದ್ದ ಮಿತಿಯನ್ನ 2024ರಲ್ಲಿ ಟ್ರಾಯ್ ತೆಗೆದುಹಾಕಿದೆ, ಹಾಗಾಗಿ ನಿಮ್ಮ ಕಂಪನಿದು ಎಷ್ಟಿದೆ ಅಂತ ಒಮ್ಮೆ ಆಪ್‌ನಲ್ಲಿ ನೋಡ್ಕೊಳ್ಳಿ.

ರೂಮಿನ ಟಿವಿ ಸ್ಮಾರ್ಟ್ ಟಿವಿ ಆಗಿದ್ರೆ ಅದರ 210 ನಿಲ್ಲಿಸಿಬಿಡಿ, ಅಲ್ಲಿ ಯೂಟ್ಯೂಬು, ಓಟಿಟಿ ಸಾಕು. ಮಗನ 299ರ ವಿಷಯ, ಅವನ ಮೊಬೈಲ್ ರೀಚಾರ್ಜ್ ಜೊತೆಗೇ ಓಟಿಟಿ ಬಂದಿದೆಯಾ ಕೇಳಿ, ತುಂಬಾ ಮನೆಗಳಲ್ಲಿ ಒಂದೇ ಆಪ್‌ಗೆ ಎರಡು ಕಡೆಯಿಂದ ದುಡ್ಡು ಹೋಗ್ತಿರುತ್ತೆ, ಗೊತ್ತೇ ಇರಲ್ಲ. ವೈಫೈ ಸ್ಪೀಡಿನ ವಿಷಯಕ್ಕೂ ಹೆದರಬೇಡಿ, ಎಚ್‌ಡಿ ವಿಡಿಯೋಗೆ 5 ಎಂಬಿಪಿಎಸ್, 4ಕೆಗೆ 15 ಇದ್ರೆ ಸಾಕು, ನಿಮ್ಮಂಥ ಮನೆಗೆ 40 ಧಾರಾಳ. 499ರ ಪ್ಲಾನ್‌ಗೆ ಇಳಿದ್ರೆ ಟ್ಯಾಕ್ಸ್ ಸೇರಿ 589. ಡಿಶ್‌ನ 266 ಜೊತೆ ಎಲ್ಲಾ ಸೇರಿ 855 ಆಯ್ತು, ಅಂದ್ರೆ ಉಳಿದಿದ್ದು ಸಾವಿರದ ಮೇಲೆ. ಮಗನ ಓಟಿಟಿ ಹಾಗೇ ಇಟ್ಕೊಂಡ್ರೂ 1154, ಕಾಂಬೋಗಿಂತ ಕಮ್ಮಿನೇ.

ಹಾಗಾದ್ರೆ ಡಿಶ್ಶೇ ತೆಗೆದುಬಿಡೋಣ, ಎಲ್ಲಾ ಆಪ್‌ನಲ್ಲೇ ನೋಡೋಣ ಅಂತ ಮಗ ಹೇಳಬಹುದು. ಬೇಡ. ಜೀ ಕನ್ನಡಕ್ಕೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್, ಕಲರ್ಸ್ ಮತ್ತು ಸುವರ್ಣಕ್ಕೆ ಜಿಯೋಹಾಟ್‌ಸ್ಟಾರ್, ನಾಲ್ಕು ಚಾನೆಲ್‌ಗೆ ಮೂರು ಆಪು, ಪ್ರತಿ ಸಲ ಅತ್ತೆ ನಿಮ್ಮನ್ನ ಅಡುಗೆಮನೆಯಿಂದ ಕರೀತಾರೆ. ಇನ್ನೊಂದು, ಕಾಂಬೋದಲ್ಲಿ ಟಿವಿನೂ ಫೈಬರ್ ವೈರ್‌ನಲ್ಲೇ ಬರೋದಾದ್ರೆ ಮರದ ಕೊಂಬೆ ಬಿದ್ದು ವೈರ್ ಕಟ್ಟಾದ ದಿನ ಮಗನ ಮೀಟಿಂಗೂ ಹೋಯ್ತು, ಅತ್ತೆ ಸೀರಿಯಲ್ಲೂ ಹೋಯ್ತು. ಡಿಶ್ಶೂ ಏನು ಸಾಚಾ ಅಲ್ಲ ಬಿಡಿ, ಮೇ ತಿಂಗಳ ಸಂಜೆ ಮಳೆಗೆ ಸಿಗ್ನಲ್ ಹೋಗುತ್ತೆ, ಆದ್ರೆ ಎರಡೂ ಒಟ್ಟಿಗೆ ಹೋಗೋದು ಅಪರೂಪ.

ಪ್ರಶ್ನೆ: ಬಿಟಿಎಂ ಲೇಔಟ್‌ನಲ್ಲಿ ಮೂರು ಜನ ಫ್ರೆಂಡ್ಸ್ ಬಾಡಿಗೆ ಫ್ಲಾಟ್‌ನಲ್ಲಿದೀವಿ, ಟಿವಿ ನೋಡೋದು ಆರ್‌ಸಿಬಿ ಮ್ಯಾಚ್‌ಗೆ ಮಾತ್ರ. ಆರು ತಿಂಗಳ ಕಾಂಬೋ ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಅಂತಿದಾರೆ, ಡೇಟಾ 3300 ಜಿಬಿ ಮಿತಿ ಅಂತೆ, ಸಾಕಾಗುತ್ತಾ?

ಉತ್ತರ: ಸಾಕಾಗಿ ಮಿಗುತ್ತೆ ಗುರು. ಎಚ್‌ಡಿ ವಿಡಿಯೋ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತೆ, ತಿಂಗಳಲ್ಲಿರೋದೇ 720 ಗಂಟೆ, ಒಂದು ಟಿವಿಯಲ್ಲಿ ನಿದ್ದೆ ಮಾಡ್ದೆ ನೋಡಿದ್ರೂ 2160 ಜಿಬಿ. ಆದ್ರೆ ಕಾಂಬೋ ಬೇಡ, ಬರೀ ವೈಫೈ ಹಾಕ್ಸಿ ಮೂರು ಪಾಲು ಮಾಡ್ಕೊಳ್ಳಿ, ಐಪಿಎಲ್ ಇರೋ ಎರಡು ತಿಂಗಳಿಗೆ ಮಾತ್ರ ಓಟಿಟಿ ತಗೊಂಡು ಮುಗಿದ ಮೇಲೆ ಆಟೋಪೇ ಆಫ್ ಮಾಡಿ (ಮಾಡಲ್ಲ ನೀವು, ಅದಕ್ಕೇ ಈಗ್ಲೇ ಫೋನಲ್ಲಿ ರಿಮೈಂಡರ್ ಇಡಿ). ಆರು ತಿಂಗಳ ಅಡ್ವಾನ್ಸ್ ಬ್ಯಾಚುಲರ್ಸ್‌ಗೆ ರಿಸ್ಕು. ಓನರ್ ಖಾಲಿ ಮಾಡಿ ಅಂದ್ರೆ, ಹೋಗೋ ಅಪಾರ್ಟ್‌ಮೆಂಟ್‌ನಲ್ಲಿ ಆ ಕಂಪನಿ ಕೇಬಲ್ಲೇ ಇಲ್ಲದಿರಬಹುದು, ಎಷ್ಟೋ ಕಡೆ ಅಸೋಸಿಯೇಷನ್‌ನವರು ಒಂದೋ ಎರಡೋ ಕಂಪನಿಯನ್ನ ಮಾತ್ರ ಒಳಗೆ ಬಿಡ್ತಾರೆ. ಕನೆಕ್ಷನ್ ಬಿಡುವಾಗ ರೂಟರ್ ವಾಪಸ್ ಕೊಟ್ಟಿದ್ದಕ್ಕೆ ಮೆಸೇಜೋ ಚೀಟಿಯೋ ಇಸ್ಕೊಳ್ಳಿ, ಡೆಪಾಸಿಟ್ ಕೇಳೋಕೆ ಹೋದಾಗ ಅದೇ ಸಾಕ್ಷಿ.

ಪ್ರಶ್ನೆ: ಬಸವನಗುಡಿಯಲ್ಲಿ ನಾನು, ನನ್ನವಳು ಇಬ್ಬರೇ. ಚಂದನ, ಸ್ವಲ್ಪ ನ್ಯೂಸು, ಇಷ್ಟೇ. ಇದಕ್ಕೂ ತಿಂಗಳ ಬಾಡಿಗೆ ಬೇಕಾ?

ಉತ್ತರ: ಬೇಡ ಸರ್. ಡಿಡಿ ಫ್ರೀ ಡಿಶ್ ಹಾಕಿಸ್ಕೊಳ್ಳಿ, ಡಿಶ್ಶು ಬಾಕ್ಸಿಗೆ ಒಂದು ಸಲ ಖರ್ಚು, ಆಮೇಲೆ ತಿಂಗಳ ರೀಚಾರ್ಜ್ ಅನ್ನೋದೇ ಇಲ್ಲ, ಚಂದನ ಬರುತ್ತೆ. ಎಸ್‌ಪಿ ರೋಡ್ ಕಡೆ ವಿಚಾರಿಸಿ, ತಗೊಳ್ಳೋವಾಗ ಎಂಪೆಗ್-4 ಬಾಕ್ಸೇ ಕೇಳಿ, ಹಳೇ ಎಂಪೆಗ್-2 ಬಾಕ್ಸ್‌ನಲ್ಲಿ ಕೆಲವು ಚಾನೆಲ್ ಬರಲ್ಲ. ನಿಮಗೆ ಬೇಕಾದ ನ್ಯೂಸ್ ಚಾನೆಲ್ ಬರುತ್ತಾ ಅಂತ ಅಂಗಡಿಯವನ ಟಿವಿಯಲ್ಲೇ ಹಾಕಿಸಿ ನೋಡಿ, ಆಮೇಲೆ ದುಡ್ಡು ಕೊಡಿ.