ಕೇಳುಗರ ಕಾಸಿನಲ್ಲಿ ರೇಡಿಯೊ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಯಾರಿಗೂ ಇನ್ನೂ ಹೆಸರು ಗೊತ್ತಿಲ್ಲದ ಗಾಯಕರು ಮತ್ತು ಬ್ಯಾಂಡುಗಳ ಹಾಡುಗಳನ್ನು ಜಾಹೀರಾತಿಲ್ಲದೆ, ಕೇಳುಗರು ಕೊಟ್ಟ ಹಣದಲ್ಲೇ ಬಿತ್ತರಿಸುವ ಇಂಟರ್ನೆಟ್ ರೇಡಿಯೊ ಬಗ್ಗೆ ಬಂದ ಪತ್ರಗಳಿಂದ ಕೆಲವನ್ನು ಇಲ್ಲಿ ಆರಿಸಿದ್ದೇವೆ.

ಪ್ರ: ಮನೆಯಲ್ಲಿ ಹಳೆಯ ಕಂಪ್ಯೂಟರ್, 100 ಎಂಬಿಪಿಎಸ್ ಫೈಬರ್ ಇವೆ. ಇಷ್ಟರಲ್ಲೇ ಸ್ಟೇಷನ್ ನಡೆಸಬಹುದೆ? ಖರ್ಚು ಎಷ್ಟಾದೀತು? – ಓದುಗರು, ಬನಶಂಕರಿ

ಉ: ವೇಗ ಧಾರಾಳವಾಗಿದೆ, ಜಾಗ ಮಾತ್ರ ಸರಿಯಿಲ್ಲ. ಕರೆಂಟು ಹೋದಾಗ ಇನ್ವರ್ಟರ್ ನಿಮ್ಮ ಕಂಪ್ಯೂಟರನ್ನು ಕಾಪಾಡೀತು. ಬೀದಿಯಲ್ಲಿರುವ ಇಂಟರ್ನೆಟ್ ಕಂಪನಿಯ ಪೆಟ್ಟಿಗೆಯನ್ನು ಕಾಪಾಡುವವರು ಯಾರು? ಅಲ್ಲದೆ ಎಷ್ಟೋ ಮನೆ ಕನೆಕ್ಷನ್‌ಗಳಿಗೆ ಪ್ರತ್ಯೇಕ ಪಬ್ಲಿಕ್ ಐಪಿ (ಇಂಟರ್ನೆಟ್ಟಿನಲ್ಲಿ ನಿಮ್ಮದೇ ಆದ ವಿಳಾಸ) ಇರುವುದಿಲ್ಲ, ಹೊರಗಿನವರು ನಿಮ್ಮ ಕಂಪ್ಯೂಟರನ್ನು ತಲುಪಲು ದಾರಿಯೇ ಸಿಗುವುದಿಲ್ಲ. ಹಾಡು ಸಿದ್ಧಪಡಿಸುವುದು, ಮೈಕ್ ಮುಂದೆ ಮಾತಾಡುವುದು ಮನೆಯಲ್ಲಾಗಲಿ. ಪ್ರಸಾರ ಬಾಡಿಗೆ ಸರ್ವರಿನಿಂದ ಆಗಲಿ. 4 ಜಿಬಿ ರ‍್ಯಾಮ್‌ನ ಸರ್ವರಿಗೆ ಅಜುರಾಕಾಸ್ಟ್ ಎಂಬ ರೇಡಿಯೊ ತಂತ್ರಾಂಶ ಹಾಕಿಕೊಂಡರೆ ಸಾಕು. ಅದು ಉಚಿತ, ಹಾಡುಗಳ ಸರದಿ ನೋಡಿಕೊಳ್ಳುವ ಲಿಕ್ವಿಡ್‌ಸೋಪ್, ಕೇಳುಗರಿಗೆ ಹಂಚುವ ಐಸ್‌ಕಾಸ್ಟ್ ಎರಡೂ ಅದರೊಳಗೇ ಬರುತ್ತವೆ.

ಖರ್ಚು ಕೂರುವುದು ಕೇಳುಗರಿಗೆ ಹರಿಯುವ ಡೇಟಾ, ಅಂದರೆ ಬ್ಯಾಂಡ್‌ವಿಡ್ತ್ ಮೇಲೆ. 128 ಕೆಬಿಪಿಎಸ್ ಸ್ಟ್ರೀಮನ್ನು ಒಬ್ಬರು ಒಂದು ಗಂಟೆ ಕೇಳಿದರೆ 57.6 ಎಂಬಿ. ಹಗಲೂ ರಾತ್ರಿ ಸರಾಸರಿ 50 ಜನ ಇದ್ದರೆ ತಿಂಗಳಿಗೆ ಸುಮಾರು 2,070 ಜಿಬಿ. ಜಿಬಿ ಲೆಕ್ಕದಲ್ಲಿ ಬಿಲ್ ಮಾಡುವ ಕ್ಲೌಡ್‌ನಲ್ಲಿ, ಜಿಬಿಗೆ 9 ರೂಪಾಯಿ ಹಿಡಿದರೆ, ಇದೊಂದೇ 18,000 ರೂಪಾಯಿ ದಾಟುತ್ತದೆ. ತಿಂಗಳಿಗೆ 3–4 ಟಿಬಿ ಬಾಡಿಗೆಯಲ್ಲೇ ಸೇರಿರುವ ಸರ್ವರ್ ಹುಡುಕಿ. 64 ಕೆಬಿಪಿಎಸ್‌ನ ಎಚ್‌ಇ-ಎಎಸಿ (ಕಡಿಮೆ ಡೇಟಾದಲ್ಲೂ ಚೆನ್ನಾಗಿ ಕೇಳಿಸುವ ಫಾರ್ಮ್ಯಾಟ್) ಸ್ಟ್ರೀಮ್ ಒಂದನ್ನೂ ಇಟ್ಟರೆ ಬಸ್ಸಿನಲ್ಲಿ ಮೊಬೈಲ್ ಡೇಟಾದಲ್ಲಿ ಕೇಳುವವರಿಗೂ ಹಗುರ, ನಿಮಗೂ ಹಗುರ.

ಪ್ರ: ಸರ್ಕಾರದ ಲೈಸೆನ್ಸ್ ಬೇಕೆ? – ಓದುಗರು, ಕೆಂಗೇರಿ

ಉ: ಎಫ್‌ಎಂಗೂ ಸಮುದಾಯ ರೇಡಿಯೊಗೂ ತರಂಗಾಂತರ ಬಳಸುವುದರಿಂದ ಲೈಸೆನ್ಸ್ ಬೇಕು. ಇಂಟರ್ನೆಟ್ ರೇಡಿಯೊ ತರಂಗಾಂತರ ಬಳಸುವುದಿಲ್ಲ, ಹಾಗಾಗಿ ಆ ಲೈಸೆನ್ಸ್ ಬೇಕಿಲ್ಲ. ಆದರೆ ಸುದ್ದಿಯ ತಂಟೆಗೆ ಹೋಗಬೇಡಿ, ಅದರ ನಿಯಮಗಳೇ ಬೇರೆ. ನಿಮ್ಮ ನಿಜವಾದ ತಲೆನೋವು ಮುಂದಿನ ಪ್ರಶ್ನೆಯಲ್ಲಿದೆ.

ಪ್ರ: ಗೊತ್ತಿರುವ ಏಳೆಂಟು ಬ್ಯಾಂಡುಗಳವರು ವಾಟ್ಸ್ಆ್ಯಪ್‌ನಲ್ಲಿ ‘ಹಾಕ್ಕೋ ಗುರು’ ಎಂದಿದ್ದಾರೆ. ಅದು ಸಾಲದೆ? – ಓದುಗರು, ಮಲ್ಲೇಶ್ವರ

ಉ: ಸಾಲದು. ಯಾವ ಹಾಡು, ಎಷ್ಟು ವರ್ಷ, ಎಲ್ಲೆಲ್ಲಿ ಎಂಬುದು ಆ ಮಾತಿನಲ್ಲಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅನುಮತಿ ಬರಹದಲ್ಲಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾನೂನು ಹಿಡಿದುಕೊಳ್ಳುತ್ತದೆ. ನಿಮ್ಮ ಸ್ಟ್ರೀಮ್ ದುಬೈಯಲ್ಲೂ ಕೇಳುತ್ತದಲ್ಲ! ಆದ್ದರಿಂದ ‘ಜಗತ್ತಿನಾದ್ಯಂತ, ಇಂಟರ್ನೆಟ್ ಪ್ರಸಾರಕ್ಕೆ, ಇಂಥ ದಿನದವರೆಗೆ, ಇತರರಿಗೂ ಕೊಡುವ ಹಕ್ಕು ಕಲಾವಿದರಲ್ಲೇ ಉಳಿಸಿಕೊಂಡು’ ಎಂದು ಒಂದು ಪುಟದ ಪತ್ರ ಮಾಡಿಸಿ, ಹಾಡುಗಳ ಪಟ್ಟಿ ಲಗತ್ತಿಸಿ. ಹಣ ಕೊಡುವುದಿಲ್ಲವಾದರೆ ಅದನ್ನೂ ಬರೆಯಿರಿ.

ಸಹಿ ಯಾರದು ಎಂಬುದು ಇನ್ನೂ ಮುಖ್ಯ. ಒಂದು ಹಾಡಿನಲ್ಲಿ ಸಾಹಿತ್ಯ, ರಾಗ ಸಂಯೋಜನೆ, ಹಾಡಿದವರ ಹಕ್ಕು, ಧ್ವನಿಮುದ್ರಣ ಎಲ್ಲವೂ ಬೇರೆ ಬೇರೆ. ಧ್ವನಿಮುದ್ರಣ ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವರದು. ಅದು ಬ್ಯಾಂಡ್ ಆಗಿರಬಹುದು, ಕಂಪನಿಯೂ ಆಗಿರಬಹುದು. ಡ್ರಮ್ ಬಾರಿಸುವ ಹುಡುಗ ಒಬ್ಬನೇ ಸಹಿ ಹಾಕಿದ ಪತ್ರಕ್ಕೆ ಬೆಲೆಯಿಲ್ಲ.

ಬೆಂಗಳೂರಿನ ಹೊಸ ಬ್ಯಾಂಡುಗಳಿಗೆ ಭಾವಗೀತೆಗಳ ಮೋಹ ಹೆಚ್ಚು, ಅಲ್ಲೊಂದು ಗುಂಡಿ ಇದೆ. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕು ಉಂಟು. ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ. ವಚನ, ದಾಸರ ಪದಗಳ ಸಾಹಿತ್ಯ ಮುಕ್ತ, ಆದರೆ ಇತ್ತೀಚಿನವರು ಕೂರಿಸಿದ ಧಾಟಿ ಮುಕ್ತವಲ್ಲ.

ಕಲಾವಿದರು ಐಪಿಆರ್‌ಎಸ್ (ಗೀತರಚನೆಕಾರರು, ಸಂಯೋಜಕರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ) ಸದಸ್ಯರೆ ಎಂಬ ಪ್ರಶ್ನೆಯೂ ಪತ್ರದಲ್ಲಿರಲಿ. ಸದಸ್ಯರಾಗಿದ್ದರೆ ಸಾಹಿತ್ಯ–ಸಂಗೀತದ ಪ್ರಸಾರದ ಹಕ್ಕನ್ನು ಆ ಸಂಸ್ಥೆಗೆ ಬರೆದುಕೊಟ್ಟಿರುತ್ತಾರೆ, ಲೈಸೆನ್ಸನ್ನು ಅಲ್ಲಿಂದಲೇ ಪಡೆಯಬೇಕು. ರೇಡಿಯೊ, ಟಿವಿಗಳಿಗೆ ಕಾಪಿರೈಟ್ ಕಾಯ್ದೆಯ ಸೆಕ್ಷನ್ 31ಡಿ ಅಡಿ ಇರುವ ಶಾಸನಬದ್ಧ ಲೈಸೆನ್ಸ್ (ಹಕ್ಕುದಾರರ ಒಪ್ಪಿಗೆ ಕೇಳದೆ, ನಿಗದಿತ ದರ ಕೊಟ್ಟು ಪ್ರಸಾರ ಮಾಡುವ ಅವಕಾಶ) ಇಂಟರ್ನೆಟ್ ಪ್ರಸಾರಕ್ಕೆ ಅನ್ವಯಿಸುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿ, 2022ರಲ್ಲಿ ವಿಭಾಗೀಯ ಪೀಠವೂ ಎತ್ತಿಹಿಡಿದಿದೆ. ಆ ಬಾಗಿಲನ್ನು ನಂಬಿ ಕೂರಬೇಡಿ.

ಪ್ರ: ಕಲಾವಿದರು ಕಳಿಸುವ ಹಾಡುಗಳಲ್ಲಿ ಒಂದು ಕಿರುಚುತ್ತದೆ, ಇನ್ನೊಂದು ಕೇಳಿಸುವುದೇ ಇಲ್ಲ. – ಓದುಗರು, ರಾಜಾಜಿನಗರ

ಉ: ಎಲ್ಲವನ್ನೂ, ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನದಲ್ಲಿ, ಮೈನಸ್ 16 ಎಲ್‌ಯುಎಫ್‌ಎಸ್‌ಗೆ, ಟ್ರೂ ಪೀಕ್ (ಸದ್ದಿನ ಅತಿ ಎತ್ತರದ ತುದಿ) ಮೈನಸ್ 1 ಡಿಬಿ ಮೀರದಂತೆ ಹೊಂದಿಸಿ. ಎಫ್‌ಎಫ್‌ಎಂಪೆಗ್ ತಂತ್ರಾಂಶದ ಲೌಡ್‌ನಾರ್ಮ್ ಫಿಲ್ಟರನ್ನು ಎರಡು ಸುತ್ತು ಓಡಿಸಬೇಕು, ಮೊದಲು ಅಳೆಯಲು, ಆಮೇಲೆ ಹೊಂದಿಸಲು. ಒಂದೇ ಸುತ್ತಿನಲ್ಲಿ ಮುಗಿಸಿದರೆ ಹಾಡಿನ ನಡುವೆಯೇ ಸದ್ದು ಏರಿಳಿಯುತ್ತದೆ, ಆಲಾಪದಲ್ಲಿ ಅದು ಎದ್ದು ಕಾಣುತ್ತದೆ.

ಫೈಲ್ ಗುಣಮಟ್ಟ ಕುಗ್ಗಿಸದ ವೇವ್ ಅಥವಾ ಫ್ಲ್ಯಾಕ್ ಆಗಿರಲಿ ಎಂದು ಕೇಳಿ. ವಾಟ್ಸ್ಆ್ಯಪ್‌ನಲ್ಲೇ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲಿ. ವೇವ್ ಎಂದ ಮಾತ್ರಕ್ಕೆ ನಂಬಬೇಡಿ, ಹಳೆಯ ಎಂಪಿ3ಯನ್ನೇ ವೇವ್ ಮಾಡಿ ಕಳಿಸುವವರಿದ್ದಾರೆ. ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಹಾಡಿನ ಕಂಪನಾಂಕಗಳು ಬಣ್ಣದ ಚಿತ್ರವಾಗಿ ಕಾಣುತ್ತವೆ: ಬಣ್ಣ 16 ಕಿಲೋಹರ್ಟ್ಸ್ ಹತ್ತಿರ ಕತ್ತರಿ ಹಾಕಿದಂತೆ ನಿಂತಿದ್ದರೆ ಅದು ಬಹುಮಟ್ಟಿಗೆ 128ರ ಎಂಪಿ3. ಅದನ್ನು ನೀವು ಮತ್ತೊಮ್ಮೆ 128ಕ್ಕೆ ಕುಗ್ಗಿಸಿದಾಗ ತಾಳದ ನಾದ ನೀರಿನಲ್ಲಿ ಅದ್ದಿದಂತಾಗುತ್ತದೆ, ‘ಸ’ಕಾರ ಸೀಳುತ್ತದೆ. ವಾಪಸ್ ಕಳಿಸಿ ಮೂಲ ಫೈಲ್ ಕೇಳುವುದರಲ್ಲಿ ಸಂಕೋಚ ಬೇಡ.

ಪ್ರ: ಲೈವ್ ನಿಂತರೆ ಬದಲಿ ಸ್ಟ್ರೀಮ್ ಬರುವಂತೆ ಫಾಲ್‌ಬ್ಯಾಕ್ ಇಟ್ಟಿದ್ದೇವೆ. ಆದರೂ ಕೆಲವು ರಾತ್ರಿ ಗಂಟೆಗಟ್ಟಲೆ ನಿಶ್ಶಬ್ದ. – ಓದುಗರು, ಯಲಹಂಕ

ಉ: ಐಸ್‌ಕಾಸ್ಟ್‌ನ ಫಾಲ್‌ಬ್ಯಾಕ್ ಕೆಲಸ ಮಾಡುವುದು ಸಂಪರ್ಕ ಕಡಿದಾಗ ಮಾತ್ರ. ಲೈವ್ ಮುಗಿಸಿದ ನಿರೂಪಕರು ಮೈಕ್ ಮ್ಯೂಟ್ ಮಾಡಿ, ಪ್ರಸಾರದ ತಂತ್ರಾಂಶ ನಿಲ್ಲಿಸದೆ ಮಲಗಿದರೆ ನಿಶ್ಶಬ್ದವೇ ಸ್ಟ್ರೀಮ್ ಆಗಿ ಹರಿಯುತ್ತಿರುತ್ತದೆ, ಸರ್ವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಲಿಕ್ವಿಡ್‌ಸೋಪ್‌ನಲ್ಲಿ ಲೈವ್ ಇನ್‌ಪುಟ್‌ಗೆ ‘ಬ್ಲ್ಯಾಂಕ್.ಸ್ಟ್ರಿಪ್’ ಹಾಕಿ, 20 ಸೆಕೆಂಡು ಸದ್ದಿಲ್ಲದಿದ್ದರೆ ಹಾಡುಗಳ ಪಟ್ಟಿಗೆ ಮರಳುತ್ತದೆ. ಮಿತಿಯನ್ನು ಮೈನಸ್ 40 ಡಿಬಿಗೆ ಇಟ್ಟರೆ ತಂಬೂರಿಯ ಮೆಲುದನಿಯನ್ನೂ ಅದು ನಿಶ್ಶಬ್ದ ಎಂದುಕೊಂಡೀತು, ಮೈನಸ್ 50 ಲೇಸು. ಫಾಲ್‌ಬ್ಯಾಕ್ ಸ್ಟ್ರೀಮಿನ ಫಾರ್ಮ್ಯಾಟ್, ಬಿಟ್‌ರೇಟ್, ಸ್ಯಾಂಪಲ್ ರೇಟ್ ಮೂಲದಂತೆಯೇ ಇರಬೇಕು, ಇಲ್ಲವಾದರೆ ಬದಲಾಗುವ ಕ್ಷಣದಲ್ಲಿ ಕೆಲವು ಪ್ಲೇಯರ್‌ಗಳು ನಿಂತುಬಿಡುತ್ತವೆ. ಇಷ್ಟೆಲ್ಲ ಸರಿಯಿದ್ದೂ ನಿಂತರೆ ಡಿಸ್ಕ್ ತುಂಬಿದೆಯೇ ನೋಡಿ.

ಪ್ರ: ಆಫೀಸಿನಲ್ಲಿ ನಮ್ಮ ಸ್ಟೇಷನ್ ಬರುವುದಿಲ್ಲ. ಮೊಬೈಲಿನಲ್ಲಿ ಬಂದರೂ ಕನ್ನಡ ಹೆಸರಿನ ಜಾಗದಲ್ಲಿ ಏನೇನೋ ಚಿಹ್ನೆಗಳು. – ಓದುಗರು, ವೈಟ್‌ಫೀಲ್ಡ್

ಉ: ಐಸ್‌ಕಾಸ್ಟ್ ಮಾಮೂಲಾಗಿ 8000 ಪೋರ್ಟ್‌ನಲ್ಲಿ ಕೂರುತ್ತದೆ, ಐಟಿ ಕಂಪನಿಗಳ ಫೈರ್‌ವಾಲ್ ಅದನ್ನು ಬಿಡದೆ ಇರಬಹುದು. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮುಂದಿಟ್ಟು, ಸಾಮಾನ್ಯ ವೆಬ್‌ಸೈಟುಗಳು ಬಳಸುವ 443 ಪೋರ್ಟ್‌ನಲ್ಲಿ ಎಚ್‌ಟಿಟಿಪಿಎಸ್ ಆಗಿ ಕೊಡಿ. ಚಿಹ್ನೆಗಳ ಕಾರಣ ಬೇರೆ: ಎಂಪಿ3 ಸ್ಟ್ರೀಮಿನ ಹೆಸರುಗಳನ್ನು ಐಸ್‌ಕಾಸ್ಟ್ ಲ್ಯಾಟಿನ್-1 (ಕನ್ನಡ ಅಕ್ಷರಗಳಿಲ್ಲದ ಲಿಪಿ ಸಂಕೇತ) ಎಂದು ಭಾವಿಸುತ್ತದೆ. ಮೌಂಟ್ (ಆಯಾ ಸ್ಟ್ರೀಮಿನ) ಸೆಟ್ಟಿಂಗಿನಲ್ಲಿ ‘ಚಾರ್‌ಸೆಟ್’ ಅನ್ನು ಯುಟಿಎಫ್-8 ಎಂದು ಬರೆಯಿರಿ. ಹೆಸರು ಸರಿಯಾಗಿ ಕಾಣದಿದ್ದರೆ ಹೊಸ ಕಲಾವಿದರನ್ನು ಜನ ಹುಡುಕುವುದಾದರೂ ಹೇಗೆ?

ಪ್ರ: ಹಣ ಕೇಳುವುದು ಹೇಗೆ? ಅಮೆರಿಕದ ನೆಂಟರೂ ಕೊಡುತ್ತೇವೆ ಎನ್ನುತ್ತಾರೆ. – ಓದುಗರು, ಜಯನಗರ

ಉ: ಸೋಮಾಎಫ್‌ಎಂ, ರೇಡಿಯೊ ಪ್ಯಾರಡೈಸ್ ಥರದ ಅಮೆರಿಕದ ಸ್ಟೇಷನ್‌ಗಳು 2000ದಲ್ಲಿ ಶುರುವಾಗಿ ಇವತ್ತಿಗೂ ಕೇಳುಗರ ದುಡ್ಡಿನಲ್ಲೇ ನಡೆಯುತ್ತಿವೆ. ಅವುಗಳಿಂದ ಕಲಿಯಬೇಕಾದ್ದು ಸಂಕೋಚವಿಲ್ಲದೆ ಕೇಳುವುದನ್ನು. ‘ಸಹಾಯ ಮಾಡಿ’ ಎಂದರೆ ಯಾರೂ ಕದಲುವುದಿಲ್ಲ. ‘ಈ ತಿಂಗಳ ಖರ್ಚು 4,000, ಬಂದದ್ದು 2,600’ ಎನ್ನಿ, ಲೆಕ್ಕವನ್ನು ವೆಬ್‌ಸೈಟಿನಲ್ಲಿ ಹಾಕಿ. ಕ್ಯೂಆರ್ ಕೋಡ್ ಒಮ್ಮೆ ಕೊಡುವವರಿಗೆ ಸರಿ. ಸ್ಟೇಷನ್ ನಿಲ್ಲುವುದು ಯುಪಿಐ ಆಟೊಪೇ ಮೂಲಕ ತಿಂಗಳಿಗೆ ನೂರು ಕೊಡುವವರ ಮೇಲೆ. ಪೇಮೆಂಟ್ ಗೇಟ್‌ವೇ ಶುಲ್ಕ ಶೇ 2, ಅದರ ಮೇಲೆ ಶೇ 18 ಜಿಎಸ್‌ಟಿ ಎಂದಾದರೆ ನೂರರಲ್ಲಿ ಕೈಗೆ ಬರುವುದು 97 ರೂಪಾಯಿ 64 ಪೈಸೆ. ಕಂತಿನ ದಿನ 3 ಅಥವಾ 5ನೇ ತಾರೀಖು ಇರಲಿ. 25ರ ಮೇಲಿಟ್ಟರೆ ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪುವುದು ಹೆಚ್ಚು. ದೇಣಿಗೆ ವಿನಾಯಿತಿಗೆಂದೇ ಆದಾಯ ತೆರಿಗೆ ಇಲಾಖೆ ಕೊಡುವ ನೋಂದಣಿ ಇಲ್ಲದೆ ತೆರಿಗೆ ವಿನಾಯಿತಿಯ ಆಸೆ ತೋರಿಸಬೇಡಿ.

ನೆಂಟರ ಪಾಸ್‌ಪೋರ್ಟ್ ಯಾವುದು ಎಂದು ಮೊದಲು ಕೇಳಿ. ಭಾರತದ್ದಾಗಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಆಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ; ನಿಮ್ಮ ಟ್ರಸ್ಟ್ ಅಥವಾ ಸಂಘಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ನೋಂದಣಿ ಆಗುವವರೆಗೆ ಗೇಟ್‌ವೇಯಲ್ಲಿ ವಿದೇಶಿ ಕಾರ್ಡುಗಳನ್ನು ಬಂದ್ ಮಾಡಿಸಿಡಿ.